ತಂಪು ಕಡಲ ದ್ರಾಕ್ಷಿ, ಬಿಸಿಲು ನಾಡಿನ ದ್ರಾಕ್ಷಿ

ಮಾಗಿಯ ದಿನಗಳಲ್ಲಿ ಬೆಳಗಿನ ಜಾವ ಆನೆಗೊಂದಿಯ ಹೊಳೆದಂಡೆಗೆ ನೀವು ಎಂದಾದರೂ ಹೋಗಿದ್ದರೆ ಒಂದು ಸಂಗತಿ ನಿಮ್ಮ ಅನುಭವಕ್ಕೆ ಬಂದೇ ಇರಬೇಕು. ಹೊತ್ತು ಮೂಡುವ ಮೊದಲು ಹೆಗಲ ಮೇಲೊಂದು ಕಂಬಳಿ ಬೇಕೆನಿಸುತ್ತದೆ. ಬಂಡೆಗೆ ಕೈಯಿಟ್ಟರೆ ತಣ್ಣಗೆ ಕೊರೆಯುತ್ತದೆ. ಅದೇ ಬಂಡೆಯ ಮೇಲೆ ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದು. ಹಗಲಿಗೂ ಇರುಳಿಗೂ ನಡುವೆ ಇರುವ ಈ ಅಂತರ ನಮ್ಮ ನಿಮ್ಮ ಪಾಲಿಗೆ ಕಂಬಳಿ ಹೊದೆಯುವ, ತೆಗೆಯುವ ಮಾತು ಅಷ್ಟೆ. ದ್ರಾಕ್ಷಿಯ ಬಳ್ಳಿಗಾದರೋ ಅದು ಹಣ್ಣಿನ ಗುಣವನ್ನೇ ನಿರ್ಧರಿಸುವ ಮಾತು. ಈ ಲೇಖನದಲ್ಲಿ ಹೇಳಹೊರಟಿರುವುದು ಆ ವಿಚಾರವನ್ನೇ.

"ದ್ರಾಕ್ಷಿಯೆ? ಅದೂ ನಮ್ಮ ಕಡೆಯೆ?" ಎಂದು ನೀವು ಕೇಳಬಹುದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದಂದಿನಿಂದ ಗಂಗಾವತಿ ಎಂದರೆ ಭತ್ತ ಎಂಬಂತಾಗಿದೆ, ನಿಜ. ಆದರೆ ಕಾಲುವೆಯ ನೀರು ಮುಟ್ಟದ ನೆಲವೂ ಈ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ಕುಷ್ಟಗಿಯ ಕಡೆಯ ದಾಳಿಂಬೆಯನ್ನು ಬಲ್ಲವರಿಗೆ ಅದರ ನೆರೆಯಲ್ಲೇ ದ್ರಾಕ್ಷಿಯ ತೋಟಗಳೂ ಇರುವುದು ಗೊತ್ತು. ಇವುಗಳಲ್ಲಿ ಬಹುಪಾಲು ತಿನ್ನುವ ದ್ರಾಕ್ಷಿ. ಅದರ ಜೊತೆಗೆ, ಈ ಶತಮಾನದಲ್ಲಿ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳು ಇದೇ ಕೊಪ್ಪಳ ಜಿಲ್ಲೆಯಲ್ಲಿ ದ್ರಾಕ್ಷಾರಸಕ್ಕೆಂದೇ ತೋಟವೊಂದನ್ನು ಎಬ್ಬಿಸಿದರು. ಇಬ್ಬರ ಹೆಸರುಗಳನ್ನೂ ಕೂಡಿಸಿ ಅದಕ್ಕೆ 'ಕೃಷ್ಮಾ' ಎಂದು ಹೆಸರಿಟ್ಟರು. ಅಲ್ಲಿಯ ಸೀಸೆಗಳ ಮೇಲೆ 'ಹಂಪಿ ಹಿಲ್ಸ್' ಎಂಬ ಸ್ಥಳನಾಮ ಅಚ್ಚಾಗಿ ದೂರದ ಊರುಗಳಿಗೆ ಹೋಗಿದೆ. ಕಾಬರ್ನೆ ಸೋವಿನ್ಯೋನ್ ಎಂಬ ಫ್ರಾನ್ಸ್ ದೇಶದ ಕಪ್ಪು ದ್ರಾಕ್ಷಿ, ಸಾಂಜೊವೇಸೆ ಎಂಬ ಇಟಲಿಯ ದ್ರಾಕ್ಷಿ ನಮ್ಮ ಕಲ್ಲುಗುಡ್ಡಗಳ ಸೀಮೆಯಲ್ಲಿ ಹಣ್ಣಾಗುತ್ತಿವೆ ಎಂದರೆ ಕುತೂಹಲದ ವಿಷಯವಲ್ಲವೆ?

ಇದರಲ್ಲಿ ಆಶ್ಚರ್ಯಪಡಬೇಕಾದ ಅಂಶವೇನೆಂದರೆ, ಒಳ್ಳೆಯ ದ್ರಾಕ್ಷಾರಸ ತಂಪು ಸೀಮೆಯ ಸೊತ್ತು ಎಂಬುದು ಬಹುಕಾಲದ ನಂಬಿಕೆ. ಭೂಮಧ್ಯರೇಖೆಯಿಂದ 30 ಮತ್ತು 50 ಅಕ್ಷಾಂಶಗಳ ನಡುವಣ ನೆಲವೇ ಇದಕ್ಕೆ ತಕ್ಕುದೆಂದು ಗ್ರಂಥಗಳು ಹೇಳುತ್ತಾ ಬಂದಿವೆ. ಗಂಗಾವತಿ ಇರುವುದು ಹದಿನೈದೂವರೆ ಡಿಗ್ರಿಯ ಆಸುಪಾಸಿನಲ್ಲಿ. ಹಾಗಾದರೆ ತಂಪು ಸೀಮೆಯಲ್ಲಿ ಇರುವುದೇನು, ನಮ್ಮಲ್ಲಿ ಇಲ್ಲದಿರುವುದೇನು?

ಉದಾಹರಣೆಗೆ ಸ್ಪೇನ್ ದೇಶದ ವಾಯವ್ಯದ ಮೂಲೆಯನ್ನು ನೋಡೋಣ. ಅಟ್ಲಾಂಟಿಕ್ ಸಾಗರ ಬೆರಳುಗಳಂತೆ ನೆಲದೊಳಕ್ಕೆ ಚಾಚಿಕೊಂಡಿರುವ ಈ ಗಲೀಸಿಯಾ ಪ್ರಾಂತದಲ್ಲಿ ರಿಯಾಸ್ ಬೈಶಾಸ್ ಎಂಬ ಸೀಮೆಯಿದೆ. 1988ರಲ್ಲಿ ಅದಕ್ಕೆ ದ್ರಾಕ್ಷಾರಸದ ಸೀಮೆಯೆಂಬ ಅಧಿಕೃತ ಮನ್ನಣೆ ದೊರೆಯಿತು. ಅಲ್ಲಿ ಬೆಳೆಯುವುದು ಆಲ್ಬರೀನ್ಯೋ ಎಂಬ ಬಿಳಿಯ ದ್ರಾಕ್ಷಿ. ಕಡಲ ಮೇಲಿಂದ ಬೀಸುವ ತಂಗಾಳಿ, ಆಗಾಗ ಮಳೆ, ಬೇಸಗೆಯಲ್ಲಿಯೂ ಮಿತಿಮೀರದ ಬಿಸಿಲು. ನೆಲ ಮಾತ್ರ ನಮ್ಮದೇ ತರಹದ್ದು: ಬೆಣಚುಕಲ್ಲು ಕರಗಿ ಆದ ಮಣ್ಣು. ರೈತರು ಕಲ್ಲಿನ ಕಂಬ ನೆಟ್ಟು, ಮೇಲೆ ಚಪ್ಪರ ಕಟ್ಟಿ, ಬಳ್ಳಿಯನ್ನು ಅದರ ಮೇಲೆ ಹಬ್ಬಿಸುತ್ತಾರೆ. ಕರ್ನಾಟಕದ ದ್ರಾಕ್ಷಿ ತೋಟಗಳಲ್ಲಿ ನೀವು ನೋಡಿರುವ ಕಲ್ಲುಕಂಬದ ಚಪ್ಪರವೂ ಇದೇ. ಆದರೆ ಉದ್ದೇಶ ಬೇರೆ. ಅವರು ಚಪ್ಪರ ಕಟ್ಟುವುದು ನೆಲದ ತೇವ ಗೊಂಚಲಿಗೆ ತಾಗದಿರಲೆಂದು, ಕೆಳಗೆ ಗಾಳಿಯಾಡಲೆಂದು; ನಾವು ಕಟ್ಟುವುದು ಎಲೆಯ ನೆರಳಿನಲ್ಲಿ ಹಣ್ಣು ಬೇಯದೆ ಉಳಿಯಲೆಂದು.

ಕಡಲು ಮಾಡುವ ಉಪಕಾರವೇನು? ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹೀಗಾಗಿ ತಂಪು ಕಡಲಿನ ಬದಿಯ ನೆಲಕ್ಕೆ ಬೇಸಗೆಯಲ್ಲಿ ಅತಿಯಾದ ಕಾವೂ ಇಲ್ಲ, ಹಿಮದ ಕಾಟವೂ ಕಡಿಮೆ. ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ ಹಂಬೋಲ್ಟ್ ಎಂಬ ಶೀತಪ್ರವಾಹ ಹರಿಯುತ್ತದೆ. ಅದರ ಮೇಲಿಂದ ಏಳುವ ಮಂಜು ಚಿಲಿ ದೇಶದ ಕಾಸಾಬ್ಲಾಂಕಾ ಕಣಿವೆಯ ತೋಟಗಳನ್ನು ಬೆಳಗಿನ ಹೊತ್ತು ಮುಚ್ಚಿಕೊಂಡಿರುತ್ತದೆ. ದಕ್ಷಿಣ ಆಫ್ರಿಕದ ತುದಿಗೆ ಬೆಂಗುವೆಲಾ ಪ್ರವಾಹ ಇದೇ ಕೆಲಸ ಮಾಡುತ್ತದೆ. ಇಂಥ ಕಡೆಗಳಲ್ಲಿ ದ್ರಾಕ್ಷಿ ಅವಸರವಿಲ್ಲದೆ ಹಣ್ಣಾಗುತ್ತದೆ.

"ಕಡಲು ನಮಗೂ ಇದೆಯಲ್ಲ, ಕಾರವಾರದಲ್ಲಿ ಏಕೆ ಬೆಳೆಯಬಾರದು?" ಎಂಬ ಪ್ರಶ್ನೆ ಏಳುವುದು ಸಹಜ. ಅರಬ್ಬೀ ಸಮುದ್ರದ ನೀರು ಬೆಚ್ಚಗಿನದು. ಅದರ ಗಾಳಿಯಲ್ಲಿ ತಂಪಿಗಿಂತ ತೇವವೇ ಹೆಚ್ಚು. ಮೇಲೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅಷ್ಟು ತೇವದಲ್ಲಿ ದ್ರಾಕ್ಷಿಯ ಎಲೆಗೆ ಬೂಜುರೋಗ ಹತ್ತಿ ಬಳ್ಳಿ ಏಳಲಾರದು. ಕೊಪ್ಪಳದ ಕಡೆ ಬೀಳುವ ಮಳೆ ಅದರ ಐದನೆಯ ಒಂದು ಪಾಲು. ಬರಗಾಲದ ಸೀಮೆಯೆಂದು ನಾವು ಹಳಿಯುವ ಒಣಹವೆಯೇ ದ್ರಾಕ್ಷಿಗೆ ಹಿತ. ಇನ್ನು ಬೇಕಾದುದು ಆ ನಿಧಾನ.

ನಿಧಾನವೇಕೆ ಬೇಕು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಳೆಯ ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಹುಳಿ ಇರುತ್ತದೆ. ಒಂದು ಟಾರ್ಟಾರಿಕ್ ಆಮ್ಲ. ನಮ್ಮ ಅಡಿಗೆಮನೆಯ ಹುಣಿಸೆಹಣ್ಣಿನಲ್ಲಿರುವುದೂ ಇದೇ. ಇದು ಬಿಸಿಲಿಗೆ ಸುಲಭವಾಗಿ ಜಗ್ಗುವುದಿಲ್ಲ. ಇನ್ನೊಂದು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ಹಣ್ಣು ಉಸಿರಾಡುವಾಗ ಈ ಎರಡನೆಯದು ಖರ್ಚಾಗುತ್ತದೆ. ಕಾವು ಹೆಚ್ಚಿದಷ್ಟೂ ಬೇಗ ಖರ್ಚಾಗುತ್ತದೆ. ಇತ್ತ ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆ ಹಣ್ಣಿಗೆ ಇಳಿಯುತ್ತಲೇ ಇರುತ್ತದೆ. ಕಡುಬಿಸಿಲಿನಲ್ಲಿ ಏನಾಗುತ್ತದೆಂದರೆ, ಸಕ್ಕರೆ ದಡಬಡನೆ ಏರುತ್ತದೆ, ಹುಳಿ ಇಳಿದುಹೋಗುತ್ತದೆ. ಆದರೆ ಸಿಪ್ಪೆಯಲ್ಲಿ ಕಟ್ಟಬೇಕಾದ ಬಣ್ಣ, ಒಗರು, ಪರಿಮಳ ಇನ್ನೂ ಬಲಿತಿರುವುದಿಲ್ಲ. ಗಿಡದಲ್ಲಿ ನಿಂತು ಹಣ್ಣಾದ ಮಾವಿಗೂ ಅವಸರದಲ್ಲಿ ಹಣ್ಣುಮಾಡಿದ ಮಾವಿಗೂ ಇರುವ ಭೇದ ನಿಮಗೆ ಗೊತ್ತಿದೆ. ಎರಡರಲ್ಲಿಯೂ ಸಿಹಿ ಇದ್ದೀತು, ಎರಡನೆಯದರಲ್ಲಿ ಮಾವಿರುವುದಿಲ್ಲ. ತಂಪು ಕಡಲ ಸೀಮೆ ದ್ರಾಕ್ಷಿಗೆ ಪುಕ್ಕಟೆಯಾಗಿ ಕೊಡುವ ವರ ಈ ಬಿಡುವೇ.

ನಮ್ಮ ನೆಲಕ್ಕೆ ಆ ವರವಿಲ್ಲ. ಆದಕಾರಣ ನಮ್ಮ ಬೆಳೆಗಾರ ಅದನ್ನು ಬೇರೆ ದಾರಿಯಿಂದ ಸಂಪಾದಿಸಬೇಕು. ಒಂದು ದಾರಿ ಎತ್ತರ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಉಷ್ಣ ಇಳಿಯುತ್ತದೆ. 1988ರಲ್ಲಿ ಗ್ರೋವರ್ ಮನೆತನದವರು ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ, ಫ್ರೆಂಚ್ ಜಾತಿಯ ಬಳ್ಳಿಗಳನ್ನು ನೆಟ್ಟಿದ್ದು ಆ ಎತ್ತರದ ತಂಪನ್ನು ನೆಚ್ಚಿಯೇ. ಕೊಪ್ಪಳದ ಕಡೆ ಅಂಥ ಎತ್ತರವಿಲ್ಲ. ಇಲ್ಲಿಯವರು ಹಿಡಿದದ್ದು ಎರಡನೆಯ ದಾರಿ, ಅದು ಕಾಲ.

ಯೂರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ವಸಂತದಲ್ಲಿ ಚಿಗುರಿ, ಬೇಸಗೆಯಲ್ಲಿ ಕಾಯಾಗಿ, ಸೆಪ್ಟೆಂಬರ್ ಸುಮಾರಿಗೆ ಹಣ್ಣು ಕೊಡುತ್ತದೆ. ನಮ್ಮಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿಯೇ ಇಲ್ಲ. ಹಾಗೆಯೇ ಬಿಟ್ಟರೆ ಅದು ವರ್ಷವಿಡೀ ಎಲೆ ಬಿಡುತ್ತಾ ಹೋದೀತು. ಆದುದರಿಂದ ದಖ್ಖನಿನ ರೈತ ಕತ್ತರಿಯಿಂದಲೇ ಋತುವನ್ನು ತರುತ್ತಾನೆ. ಏಪ್ರಿಲ್ ಸುಮಾರಿಗೆ ಒಮ್ಮೆ ಸವರುವುದು. ಇದು ಕಡ್ಡಿ ಬಲಿಯಲೆಂದು. ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಮತ್ತೊಮ್ಮೆ ಸವರುವುದು, ಇದು ಹಣ್ಣಿಗಾಗಿ. ಆಗ ಹೂವು ಕಟ್ಟಿ, ಮಾಗಿಯ ತಣ್ಣನೆಯ ರಾತ್ರಿಗಳಲ್ಲಿ ಕಾಯಿ ದಪ್ಪವಾಗಿ, ಫೆಬ್ರವರಿ-ಮಾರ್ಚಿಯಲ್ಲಿ, ಬೇಸಗೆಯ ಉರಿ ತಲೆಯೆತ್ತುವ ಹೊತ್ತಿಗೆ ಕೊಯ್ಲಾಗುತ್ತದೆ. ಯೂರೋಪಿನವರು ಬೇಸಗೆಯಲ್ಲಿ ಮಾಡುವುದನ್ನು ನಾವು ಚಳಿಗಾಲದಲ್ಲಿ ಮಾಡುತ್ತೇವೆ. ಮೊದಲಿಗೆ ಹೇಳಿದ ಆನೆಗೊಂದಿಯ ಬೆಳಗಿನ ಚಳಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಗಲು ಸಕ್ಕರೆ ಕಟ್ಟುತ್ತದೆ, ಇರುಳು ಹುಳಿಯನ್ನು ಕಾಯುತ್ತದೆ. ಕೊಯ್ಲನ್ನೂ ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲಿಯೇ ಮುಗಿಸುತ್ತಾರೆ. ಬಿಸಿಲೇರಿದ ಹಣ್ಣು ಬುಟ್ಟಿಯಲ್ಲಿಯೇ ಕೆಡಲು ತೊಡಗುತ್ತದೆ.

ಈ ಏರ್ಪಾಡಿನ ಹಿಂದೆ ರೈತನ ಬದುಕಿನ ಲೆಕ್ಕವೂ ಇದೆ. ಹನಿ ನೀರಾವರಿಯಲ್ಲಿ ಬಳ್ಳಿಯ ಬುಡಕ್ಕಷ್ಟೇ ನೀರು ಸಾಕು. ಭತ್ತದಂತೆ ಮಡಿ ತುಂಬಿ ನಿಲ್ಲಬೇಕಾಗಿಲ್ಲ. ಆದರೆ ಕಂಬ, ತಂತಿ, ಔಷಧಿಗಳ ವೆಚ್ಚ ಭಾರಿ. ಹಣ್ಣು ಬಿಡುವ ಕಾಲದಲ್ಲಿ ಅಕಾಲದ ಒಂದು ಮಳೆ ಸುರಿದರೆ ವರ್ಷದ ದುಡಿಮೆ ಹೋಯಿತು. ತಿನ್ನುವ ದ್ರಾಕ್ಷಿಯನ್ನು ಕೊಯ್ದ ಮೇಲೆ ಹೆಚ್ಚು ದಿನ ಇಡಲಾಗದು. ಪೇಟೆಯಲ್ಲಿ ಧಾರಣೆ ಬಿದ್ದ ದಿನವೂ ಮಾರಲೇಬೇಕು. ವಿಜಯಪುರ, ಬಾಗಲಕೋಟೆಯ ಕಡೆ ಒಣದ್ರಾಕ್ಷಿ ಮಾಡುವುದು ಈ ಸಂಕಟಕ್ಕೆ ಒಂದು ಪರಿಹಾರ; ದ್ರಾಕ್ಷಾರಸ ಇನ್ನೊಂದು. ಎರಡೂ ಹಣ್ಣಿನ ಆಯುಷ್ಯವನ್ನು ಬೆಳೆಸುವ ಉಪಾಯಗಳೇ. ಕರ್ನಾಟಕ ಸರಕಾರ 2007ರಲ್ಲಿ ದ್ರಾಕ್ಷಾರಸಕ್ಕೆಂದು ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ್ದೂ ಬೆಳೆಗಾರನನ್ನು ಲಕ್ಷ್ಯದಲ್ಲಿಟ್ಟುಕೊಂಡೇ.

ನಮ್ಮ ನೆಲಕ್ಕೆ ದ್ರಾಕ್ಷಿ ಹೊಸ ಅತಿಥಿಯೆಂದು ತಿಳಿಯಬೇಡಿ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಪೇಟೆಯ ವರ್ಣನೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಸಿಗುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಹಣವೆಂದರೆ ಆ ಕಾಲದ ಚಿನ್ನದ ಪುಟ್ಟ ನಾಣ್ಯ. ಹೊಳೆಯ ಆಚೆ ದಡದ ಪೇಟೆಯಲ್ಲಿ ಐದುನೂರು ವರ್ಷಗಳ ಹಿಂದೆ ಕಂಡ ಆ ಎರಡು ಹಣ್ಣುಗಳೇ ಇಂದು ಈಚೆಯ ಒಣನೆಲದಲ್ಲಿ ಜೊತೆಜೊತೆಯಾಗಿ ಬೆಳೆಯುತ್ತಿವೆ.

ಇನ್ನು ಹಣ್ಣು ರಸವಾಗುವ ಬಗೆ. ಇದೂ ನಿಮಗೆ ತೀರ ಅಪರಿಚಿತವಲ್ಲ. ದ್ರಾಕ್ಷಾರಿಷ್ಟದ ಸೀಸೆಯನ್ನು ನೀವು ಔಷಧಿಯ ಅಂಗಡಿಯಲ್ಲಿಯೋ ಮನೆಯ ಗೂಡಿನಲ್ಲಿಯೋ ಕಂಡಿದ್ದೀರಿ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿಯ ಹೂವು ಕೂಡಿಸಿ ಮುಚ್ಚಿಟ್ಟರೆ ಅದು ತಾನಾಗಿ ಹುದುಗುತ್ತದೆ, ತಾನಾಗಿಯೇ ಕೊಂಚ ಮದ್ಯಾಂಶ ಹುಟ್ಟುತ್ತದೆ. ದ್ರಾಕ್ಷಾರಸದಲ್ಲಿ ಬೆಲ್ಲವಿಲ್ಲ, ಹೂವಿಲ್ಲ, ಕಷಾಯ ಕಾಸುವುದಿಲ್ಲ. ಹುದುಗುವ ತತ್ವ ಮಾತ್ರ ಒಂದೇ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಾಂಶವನ್ನೂ ಅಂಗಾರಾಮ್ಲ ವಾಯುವನ್ನೂ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಾಂಶ. ಹಣ್ಣಿನ ರಸದಲ್ಲಿ 220 ಗ್ರಾಂ ಇದ್ದರೆ ಸೀಸೆಯಲ್ಲಿ ಶೇಕಡಾ 13 ಎಂದು ನೀವೇ ಲೆಕ್ಕ ಹಾಕಬಹುದು. ಬಿಳಿಯ ದ್ರಾಕ್ಷಾರಸಕ್ಕೆ ರಸವನ್ನು ಮೊದಲೇ ಹಿಂಡಿ ಸಿಪ್ಪೆಯಿಂದ ಬೇರ್ಪಡಿಸುತ್ತಾರೆ. ಕೆಂಪಿಗೆ ಸಿಪ್ಪೆಯೊಡನೆಯೇ ಹುದುಗಿಸುತ್ತಾರೆ. ಕಪ್ಪು ದ್ರಾಕ್ಷಿಯ ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿಯೇ ಹೊರತು ತಿರುಳಿನಲ್ಲಿ ಅಲ್ಲ. ಈ ಜಾತಿಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ನಾವು ತಿನ್ನುವ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯ ಪಕ್ಕದಲ್ಲಿಟ್ಟರೆ ಬಡಕಲಾಗಿ ಕಾಣುತ್ತದೆ. ಹುದುಗುವಾಗ ಕಾವು ಹುಟ್ಟುವುದರಿಂದ ಉಕ್ಕಿನ ಹಂಡೆಗಳಿಗೆ ಹೊರಗಿನಿಂದ ತಂಪು ಕೊಡುತ್ತಾರೆ. ಅಲ್ಲಿಯೂ ಅವಸರ ಸಲ್ಲದು. ಕಾವೇರಿದರೆ ಪರಿಮಳ ಹಾರಿಹೋಗುತ್ತದೆ.

ಕುಡಿಯುವ ಅಭ್ಯಾಸವಿಲ್ಲದವರು ಇದನ್ನೋದಿ ಕುಡಿಯಲು ತೊಡಗಬೇಕಾಗಿಲ್ಲ. ರುಚಿಯ ವಿವೇಕವನ್ನು ಮಜ್ಜಿಗೆಯಲ್ಲಿಯೂ ಕಲಿಯಬಹುದು. ಆದರೆ ಪಟ್ಟಣಗಳ ಎಷ್ಟೋ ಮನೆಗಳಿಗೆ ಈಗ ದ್ರಾಕ್ಷಾರಸದ ಸೀಸೆ ಮದುವೆ ಮುಂಜಿಯ ಉಡುಗೊರೆಯಾಗಿಯೋ ಬೆಂಗಳೂರಿನ ಮಗ ತಂದ ವಸ್ತುವಾಗಿಯೋ ಬಂದು ಸೇರುತ್ತದೆ. ಬಂದದ್ದನ್ನು ಸರಿಯಾಗಿ ಅರಿತು ಬಳಸುವುದು ಮೇಲಲ್ಲವೆ?

ಮೊದಲನೆಯದು, ಉಷ್ಣದ ಮಾತು. ಕೆಂಪು ದ್ರಾಕ್ಷಾರಸವನ್ನು 'ಕೋಣೆಯ ಉಷ್ಣದಲ್ಲಿ' ಕುಡಿಯಬೇಕೆಂದು ಪುಸ್ತಕಗಳು ಹೇಳುತ್ತವೆ. ಆ ಕೋಣೆ ಯೂರೋಪಿನದು. ಅಲ್ಲಿಯ ಉಷ್ಣ 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಗಂಗಾವತಿಯ ಕೋಣೆಯಲ್ಲ! ನಮ್ಮಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಒಳ್ಳೆಯದು. ಬಿಳಿಯದನ್ನು ಇನ್ನೂ ತಂಪಾಗಿ, 8ರಿಂದ 12 ಡಿಗ್ರಿಯಲ್ಲಿ. ಸೀಸೆಯನ್ನು ಅಟ್ಟದ ಮೇಲೆ, ಒಲೆಯ ಪಕ್ಕದಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಒಂದು ಬೇಸಗೆಯಲ್ಲಿ ರುಚಿ ಕೆಟ್ಟೀತು. ಸಾಧಾರಣ ಬಿಳಿಯ ದ್ರಾಕ್ಷಾರಸ ಇಟ್ಟಷ್ಟೂ ಒಳ್ಳೆಯದಾಗುತ್ತದೆಂಬುದು ಸುಳ್ಳು. ಒಂದೆರಡು ವರ್ಷದೊಳಗೆ ಬಳಸಬೇಕು. ತೆರೆದ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ತಡೆದೀತು.

ಎರಡನೆಯದು, ಸವಿಯುವ ಕ್ರಮ. ಲೋಟದ ಮೂರನೆಯ ಒಂದು ಭಾಗದಷ್ಟೇ ಸುರಿಯಿರಿ. ಬೆಳಕಿಗೆ ಹಿಡಿದು ಬಣ್ಣ ನೋಡಿ. ಮೆಲ್ಲನೆ ತಿರುಗಿಸಿ ಮೂಸಿ ನೋಡಿ. ಪೇರಲಹಣ್ಣೋ, ನಿಂಬೆಯ ಸಿಪ್ಪೆಯೋ, ನೇರಳೆಯೋ, ಮೊದಲ ಮಳೆಯ ಮಣ್ಣೋ, ನಿಮ್ಮ ನೆನಪಿನಲ್ಲಿರುವ ಯಾವುದೋ ಒಂದು ವಾಸನೆ ಎದುರಾಗುತ್ತದೆ. ಪರದೇಶದ ಹಣ್ಣುಗಳ ಹೆಸರು ಹೇಳಬೇಕೆಂಬ ಕಟ್ಟಲೆಯೇನೂ ಇಲ್ಲ. ಆಮೇಲೆ ಒಂದು ಗುಟುಕು; ನುಂಗುವ ಮೊದಲು ಬಾಯಲ್ಲಿ ಒಂದು ಕ್ಷಣ ಆಡಿಸಿ. ಬಾಯಲ್ಲಿ ನೀರೂರಿದರೆ ಅದು ಹುಳಿ. ಹಾಲಿಲ್ಲದ ಗಟ್ಟಿ ಚಹಾ ಕುಡಿದಾಗಿನಂತೆ ಒಸಡು ಬಿಗಿದರೆ ಅದು ಒಗರು. ಗಂಟಲು ಬೆಚ್ಚಗಾದರೆ ಅದು ಮದ್ಯಾಂಶ. ಇವು ಒಂದನ್ನೊಂದು ತುಳಿಯದೆ ಹೊಂದಿಕೊಂಡಿದ್ದರೆ ಆ ದ್ರಾಕ್ಷಾರಸ ಚೆನ್ನಾಗಿದೆ. ಅಷ್ಟು ತಿಳಿದರೆ ಸಾಕು. ತಂಪು ಕಡಲ ಆಲ್ಬರೀನ್ಯೋದಲ್ಲಿ ಹುಳಿ ಮುಂದಾಗಿರುತ್ತದೆ. ಬಿಸಿಲು ನಾಡಿನ ಕೆಂಪಿನಲ್ಲಿ ಕಳಿತ ಹಣ್ಣಿನ ತುಂಬು ರುಚಿ ಮುಂದಾಗಿರುತ್ತದೆ. ಒಂದನ್ನು ಇನ್ನೊಂದರ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಗಂಗಾವತಿಯ ಸೋನಾಮಸೂರಿಯನ್ನು ಕರಾವಳಿಯ ಕುಚ್ಚಲಕ್ಕಿಯ ಹಾಗಿಲ್ಲವೆಂದು ಯಾರಾದರೂ ಜರೆಯುತ್ತಾರೆಯೆ?

ಮೂರನೆಯದು, ಊಟ. ಗಲೀಸಿಯಾದ ಜನ ತಮ್ಮ ಬಿಳಿಯ ದ್ರಾಕ್ಷಾರಸವನ್ನು ಕಡಲ ಮೀನು, ಚಿಪ್ಪಿನ ಜೊತೆ ಸೇವಿಸುತ್ತಾರೆ. ಮೀನಿಗೆ ನಿಂಬೆ ಹಿಂಡುವ ಕೆಲಸವನ್ನೇ ಅದರ ಹುಳಿ ಮಾಡುತ್ತದೆ. ನಮ್ಮ ಹೊಳೆಯ ಮೀನನ್ನು ಹುರಿದು ತಿನ್ನುವವರಿಗೂ ಬಿಳಿಯದೇ ಸರಿ. ಖಾರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೆಣಸಿನಕಾಯಿಯ ಉರಿಯನ್ನು ಮದ್ಯಾಂಶ ಇನ್ನಷ್ಟು ಕೆದಕುತ್ತದೆ. ಕೆಂಪಿನ ಒಗರು ಆಗ ಕಹಿಯಾಗಿ ಕಾಣುತ್ತದೆ. ಕೆಂಪು ಚಟ್ನಿ, ಮಿರ್ಚಿ ಭಜಿಯ ಮುಂದೆ ಬೆಲೆಬಾಳುವ ಕೆಂಪು ದ್ರಾಕ್ಷಾರಸ ತೆರೆದರೆ ಎರಡೂ ಹಾಳು. ಶೇಂಗಾ, ಎಳ್ಳು ಅರೆದು ತುಂಬಿದ ಎಣ್ಣೆಗಾಯಿಗೆ ಖಾರ ಹಿತವಾಗಿ ಹಾಕಿದ್ದರೆ ಕೆಂಪು ಚೆನ್ನಾಗಿ ಕೂಡುತ್ತದೆ. ಎಣ್ಣೆ ಕಾಳುಗಳ ಜಿಡ್ಡಿಗೆ ಒಗರು ಹೊಂದುತ್ತದೆ.

ನಾಲ್ಕನೆಯದು, ಮಿತಿ. ದ್ರಾಕ್ಷಾರಸ ಸೌಮ್ಯವಾದುದು, ಹಣ್ಣಿನ ರಸ, ಆರೋಗ್ಯಕ್ಕೆ ಹಿತ ಎಂದು ಹೇಳುವವರುಂಟು. ಲೆಕ್ಕ ನೋಡಿ: ಶೇಕಡಾ 13ರ ದ್ರಾಕ್ಷಾರಸದ 150 ಮಿಲಿಲೀಟರಿನ ಒಂದು ಲೋಟದಲ್ಲಿರುವ ಮದ್ಯಾಂಶ, 45 ಮಿಲಿಲೀಟರ್ ವಿಸ್ಕಿಯಲ್ಲಿರುವಷ್ಟೇ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಔಷಧಿ ತೆಗೆದುಕೊಳ್ಳುತ್ತಿರುವವರು, ಬಸುರಿಯರು, ವಾಹನ ನಡೆಸುವವರು, ಚಿಕ್ಕ ವಯಸ್ಸಿನವರು ಮುಟ್ಟಲೇಬಾರದು. ಕುಡಿತದಿಂದ ಬೀದಿಗೆ ಬಂದ ಮನೆಗಳನ್ನು ನಮ್ಮ ಊರುಗಳಲ್ಲಿ ಯಾರು ಕಂಡಿಲ್ಲ? ದ್ರಾಕ್ಷಾರಸದ ನೀತಿ ಬಂದ ಅದೇ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತಿತೆಂಬುದನ್ನು ಮರೆಯಬಾರದು. ಒಂದೇ ವರ್ಷದಲ್ಲಿ ಒಂದಕ್ಕೆ ಬಾಗಿಲು ಮುಚ್ಚಿತು, ಇನ್ನೊಂದಕ್ಕೆ ತೆರೆಯಿತು. ಆದರೆ ದ್ರಾಕ್ಷಿಯಿಂದ ಆದದ್ದೆಂಬ ಮಾತ್ರಕ್ಕೆ ಮದ್ಯದ ಗುಣ ಬದಲಾಗುವುದಿಲ್ಲ. ನಾಲ್ಕು ಲೋಟ ಗಟಗಟನೆ ಇಳಿಸಿದರೆ ಅದೂ ಸಾರಾಯಿಯ ದಾರಿಯನ್ನೇ ಹಿಡಿಯುತ್ತದೆ.

ಹೀಗೆ ನೋಡಿದರೆ ಮೊದಲಿಂದ ಕೊನೆಯವರೆಗೂ ಇಲ್ಲಿ ನಡೆಯುವುದು ಒಂದೇ ಗುಣ. ತಂಪು ಕಡಲು ಹಣ್ಣಿಗೆ ಬಿಡುವು ಕೊಡುತ್ತದೆ. ಕಡಲಿಲ್ಲದ ನಮ್ಮ ಬೆಳೆಗಾರ ಕತ್ತರಿ ಹಿಡಿದು, ಮಾಗಿಯ ರಾತ್ರಿಗಳಿಗಾಗಿ ಕಾದು, ಆ ಬಿಡುವನ್ನು ಗಳಿಸುತ್ತಾನೆ. ಹಂಡೆಯ ಬಳಿ ನಿಂತವನು ಕಾವೇರದಂತೆ ಕಾಯುತ್ತಾನೆ. ಇಷ್ಟು ಜನ ಇಷ್ಟು ತಿಂಗಳು ತಾಳ್ಮೆಯಿಂದ ಮಾಡಿದ್ದನ್ನು ಕುಡಿಯುವವನು ಒಂದೇ ಗುಟುಕಿಗೆ ಮುಗಿಸಿದರೆ ಹೇಗೆ? ಕುಡಿಯುವುದಾದರೆ ಕೊಂಚವಾಗಿ, ನಿಧಾನವಾಗಿ, ಊಟದೊಡನೆ, ಮನೆಮಂದಿಗೆ ಮುಜುಗರವಾಗದಂತೆ.

ಕುಡಿಯದವರು ಮುಂದಿನ ಮಾಗಿಯಲ್ಲಿ ಯಾವುದಾದರೂ ದ್ರಾಕ್ಷಿ ತೋಟದ ಪಕ್ಕ ಹಾದುಹೋಗುವಾಗ ಒಂದು ಗಳಿಗೆ ನಿಂತು ನೋಡಿ. ಬೆಳಗಿನ ಮಂಜು ಗೊಂಚಲಿನ ಮೇಲೆ ಕುಳಿತಿರುತ್ತದೆ, ಸುತ್ತಲೂ ಬೋಳುಗುಡ್ಡ. ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಅದು ಮಾಡುವ ಕೆಲಸವನ್ನು ಆ ಹೊತ್ತಿನ ಚಳಿ ತನ್ನ ಕೈಲಾದಷ್ಟು ಮಾಡುತ್ತಿರುತ್ತದೆ.